ಹೋದವರ ಲೆಕ್ಕ, ಬಂದವರ ಲೆಕ್ಕ

ನವೆಂಬರ್ ಬಂತೆಂದರೆ ನಮ್ಮ ಕಡೆ ಎರಡು ಕೆಲಸ ಶುರುವಾಗುತ್ತವೆ. ಒಂದು ಅಡಿಕೆ ಕೊಯ್ಲು. ಇನ್ನೊಂದು ಟಿಪ್ಪು ಸುಲ್ತಾನನ ಬಗ್ಗೆ ಜಗಳ. ಮೊದಲನೆಯದು ಒಂದೆರಡು ತಿಂಗಳಲ್ಲಿ ಹೇಗೋ ಮುಗಿಯುತ್ತೆ, ಎರಡನೆಯದು ಮುಗಿಯುವ ಲಕ್ಷಣವೇ ಇಲ್ಲ :-)

2006ರಲ್ಲಿ ಪತ್ರಿಕೆಗಳಲ್ಲಿ ನಡೆದ ವಾದ ನಿಮಗೆ ನೆನಪಿರಬಹುದು. ಒಂದು ಕಡೆ ಕಾರ್ನಾಡ್, ಇನ್ನೊಂದು ಕಡೆ ಭೈರಪ್ಪ, ನಡುವೆ ವಾರಗಟ್ಟಲೆ ಓದುಗರ ಪತ್ರಗಳು. ಆಮೇಲೆ 2015ರಲ್ಲಿ ಸರ್ಕಾರವೇ ಟಿಪ್ಪು ಜಯಂತಿ ಶುರುಮಾಡಿತು, ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಈ ಎಲ್ಲ ಗಲಾಟೆಯಲ್ಲಿ ನಾನು ಗಮನಿಸಿದ್ದು ಒಂದೇ. ಎರಡೂ ಕಡೆಯವರು ಹೋದವರ ಲೆಕ್ಕ ಹಾಕುತ್ತಾರೆ. ಸೆರೆಹಿಡಿದು ಒಯ್ದವರು ಎಷ್ಟು? ಮೂವತ್ತು ಸಾವಿರವೋ, ಅರವತ್ತೋ, ಎಂಬತ್ತೋ? ಕೊಡವರು ನಲವತ್ತು ಸಾವಿರವೋ ಎಪ್ಪತ್ತೋ? ಅಷ್ಟು ಜನ ಆಗ ಆ ನಾಡಿನಲ್ಲಿ ಇದ್ದರೋ ಇಲ್ಲವೋ? ಹೀಗೆ.

ಸರಿ, ಆ ಲೆಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ಬಂದವರ ಲೆಕ್ಕ? ಹೋದವರಲ್ಲಿ ಸಾವಿರಾರು ಜನ ವಾಪಸ್ಸು ಬಂದರು ತಾನೆ? ಅವರು ಹೇಗೆ ಬಂದರು, ಯಾರು ಕರೆದರು, ಬಂದಾಗ ಮನೆ ಇತ್ತಾ, ಗದ್ದೆಯಲ್ಲಿ ಯಾರಿದ್ದರು, ಪಕ್ಕದ ಮನೆಯವರು ಏನೆಂದರು? ಇದನ್ನು ಕೇಳುವವರು ಕಡಿಮೆ. ಕೆಲವು ದಿನಗಳಿಂದ ಸಿಕ್ಕ ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕುತ್ತಾ ಈ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ಅದರ ಫಲ ಈ ಬರಹ. ಸ್ವಲ್ಪ ಉದ್ದವಿದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

* * *

ಹೊರನಾಡಿನಲ್ಲಿ ಕೂತು ಇದನ್ನು ಬರೆಯುವುದಕ್ಕೂ ಒಂದು ಕಾರಣವಿದೆ. ನಮ್ಮ ಊರು ಘಟ್ಟದ ಅಂಚಿನಲ್ಲಿದೆ. ಇಲ್ಲಿಂದ ಕಳಸ, ಕುದುರೆಮುಖ ದಾಟಿ ಎಸ್.ಕೆ. ಬಾರ್ಡರಿಗೆ ಹೋದರೆ ಒಂದು ದಾರಿ ಕೆರೆಕಟ್ಟೆ ಮೇಲೆ ಶೃಂಗೇರಿಗೆ, ಇನ್ನೊಂದು ಬಜಗೋಳಿ ಕಡೆಗಿಳಿದು ಕಾರ್ಕಳಕ್ಕೆ. ಕುದುರೆಮುಖದ ಬೆಟ್ಟಸಾಲಿನ ಆಚೆ ಕೆಳಗೆ ಬೆಳ್ತಂಗಡಿ, ಅಲ್ಲಿನ ಗಡಾಯಿಕಲ್ಲು. 1780–1800ರ ನಡುವೆ ಈ ಬೆಟ್ಟಗಳ ಸುತ್ತಮುತ್ತ ಮತ್ತು ದಕ್ಷಿಣಕ್ಕೆ ಕೊಡಗಿನಲ್ಲಿ ಮೂರು ಬೇರೆಬೇರೆ ಗುಂಪಿನ ಜನ ಯುದ್ಧದಿಂದ ಮನೆ ಬಿಟ್ಟರು. ಮೂರೂ ಗುಂಪಿನವರು ವಾಪಸ್ಸು ಬಂದರು. ಆದರೆ ಮೂರು ವಾಪಸಾತಿಗಳೂ ಒಂದೇ ತರಹ ಇರಲಿಲ್ಲ.

ಹತ್ತಿರದ ಊರಿನಿಂದ, ಅಂದರೆ ಶೃಂಗೇರಿಯಿಂದಲೇ ಶುರುಮಾಡೋಣ.

1791. ಮೂರನೇ ಮೈಸೂರು ಯುದ್ಧ. ಇಂಗ್ಲಿಷರು, ನಿಜಾಮ, ಮರಾಠರು ಒಟ್ಟಾಗಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಪರಶುರಾಮ ಭಾವುವಿನ ಮರಾಠಾ ಸೈನ್ಯದ ಒಂದು ತುಕಡಿ ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿತು. ಜನ ಸತ್ತರು, ಶಾರದೆಯ ವಿಗ್ರಹವೂ ಸ್ಥಾನ ತಪ್ಪಿತು. ಆಗಿನ ಜಗದ್ಗುರು ಸಚ್ಚಿದಾನಂದ ಭಾರತಿಗಳು ಶೃಂಗೇರಿ ಬಿಟ್ಟು ಘಟ್ಟದ ಕೆಳಗೆ ಕಾರ್ಕಳಕ್ಕೆ ಬಂದು ನೆಲೆಸಿದರು. ಮಠಾಧಿಪತಿ ಅನ್ನುವುದನ್ನು ಒಂದು ನಿಮಿಷ ಬದಿಗಿಟ್ಟು ನೋಡಿದರೆ ಇದು ಏನು? ಯುದ್ಧಕ್ಕೆ ಸಿಕ್ಕಿ ಊರು ಬಿಟ್ಟ ಒಬ್ಬ ನಿರಾಶ್ರಿತನ ಕಥೆ. ಅಷ್ಟೇ.

ಕಾರ್ಕಳದಿಂದ ಅವರು ಸಹಾಯ ಕೇಳಿ ಬರೆದದ್ದು ಟಿಪ್ಪುವಿಗೆ. ಟಿಪ್ಪು ಮರುಕದ ಉತ್ತರ ಬರೆದ. ಬರೀ ಮರುಕವಲ್ಲ, ನಗರದ (ಬಿದನೂರಿನ) ಆಸಫನಿಗೆ ಆಜ್ಞೆ ಹೋಯಿತು: ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು, 200 ರಾಹತಿ ಬೆಲೆಯ ಧಾನ್ಯ ಕೊಡತಕ್ಕದ್ದು. ಈ ಪತ್ರಗಳು ಮಠದಲ್ಲೇ ಇದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು (ಹೌದು, ಕವಿಚರಿತೆಯ ನರಸಿಂಹಾಚಾರ್ಯರೇ) ಅವನ್ನು ಬೆಳಕಿಗೆ ತಂದರು. ಎಲ್ಲವೂ ಕನ್ನಡದಲ್ಲಿವೆ.

ಟಿಪ್ಪುವನ್ನು ಹೊಗಳುವವರು ಈ ಪತ್ರಗಳನ್ನು ಹಿಡಿದುಕೊಂಡು ಬರುತ್ತಾರೆ. ತೆಗಳುವವರು, ಅದು ರಾಜಕೀಯ, ಸೋಲಿನ ಭಯದಲ್ಲಿದ್ದಾಗ ಆಶೀರ್ವಾದ ಬೇಕಿತ್ತು ಅನ್ನುತ್ತಾರೆ. ನನಗೆ ಅನಿಸುವುದು, ಇಬ್ಬರೂ ಆ ಆಜ್ಞೆಯನ್ನು ಸರಿಯಾಗಿ ಓದುತ್ತಿಲ್ಲ. ಅದರಲ್ಲಿ ಅರ್ಧ ಹಣ, ಅರ್ಧ ಧಾನ್ಯ. ಲೂಟಿಯಾದ ಊರಿನಲ್ಲಿ ಹಣ ಕೊಟ್ಟರೂ ಅಕ್ಕಿ ಎಲ್ಲಿ ಸಿಗಬೇಕು? ಜನ ವಾಪಸ್ಸು ಬಂದು ಕೂರಬೇಕಾದರೆ ಮೊದಲ ಮಳೆಗಾಲ ಉಣ್ಣಲು ಬೇಕಲ್ಲ? ಆ ಆಜ್ಞೆ ಬರೆದ ಗುಮಾಸ್ತನಿಗೆ ಇದು ಗೊತ್ತಿತ್ತು. ಉದ್ದೇಶ ಏನೇ ಇರಲಿ, ಊರು ಮತ್ತೆ ಊರಾಗಬೇಕಾದರೆ ಏನು ಬೇಕು ಅನ್ನುವ ಲೆಕ್ಕ ಅದರಲ್ಲಿ ಸರಿಯಾಗಿದೆ.

ಶೃಂಗೇರಿಗೆ ಇನ್ನೊಂದು ಅನುಕೂಲವಿತ್ತು. ಮಠಕ್ಕೆ ದಾಖಲೆಗಳಿದ್ದವು, ಶಾಸನಗಳಿದ್ದವು, ಶತಮಾನಗಳ ಉಂಬಳಿಯಿತ್ತು. ಈ ನೆಲ ನಿಮ್ಮದಲ್ಲ ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

* * *

ಎರಡನೆಯದು ಕೊಡಗು.

ಇಲ್ಲಿ ಕಥೆ ತಿರುವುಮುರುವು. ಶೃಂಗೇರಿಗೆ ಧಾನ್ಯ ಕೊಡಿಸಿದ ಅದೇ ಟಿಪ್ಪು 1785ರ ಸುಮಾರಿಗೆ ಕೊಡಗಿನ ದಂಗೆಯನ್ನು ಮುರಿಯಲು ಸಾವಿರಾರು ಜನರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅನೇಕರನ್ನು ಮತಾಂತರಿಸಿದ. ಕೊಡಗಿನ ರಾಜಕುಮಾರ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ. 1788ರ ಕೊನೆಗೆ ತಪ್ಪಿಸಿಕೊಂಡು ಬಂದು, ಜನ ಕೂಡಿಸಿ, ಮೈಸೂರಿನ ಠಾಣೆಗಳನ್ನು ಒಂದೊಂದಾಗಿ ಕಿತ್ತ. 1790ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡು ಮುಂಬಯಿ ಸೈನ್ಯಕ್ಕೆ ಕೊಡಗಿನ ಮೇಲೆ ದಾರಿ ಬಿಟ್ಟುಕೊಟ್ಟ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ರಾತ್ರಿ ದಾಳಿ ಮಾಡಿದ. ಆ ಗೊಂದಲದಲ್ಲಿ ಸೆರೆಯಲ್ಲಿದ್ದ ಕೊಡವರು ತಪ್ಪಿಸಿಕೊಂಡರು. ಸುಮಾರು 5,000 ಜನ, ಕುಟುಂಬದವರನ್ನು ಸೇರಿಸಿದರೆ 12,000 ಎಂದು ಹಳೆಯ ಬರಹಗಳು ಹೇಳುತ್ತವೆ. ಅಂಕಿ ಹೆಚ್ಚುಕಡಿಮೆ ಇರಬಹುದು. ಆದರೆ ನೋಡಿ, ಇವರನ್ನು ಯಾರೂ ಬಿಡುಗಡೆ ಮಾಡಲಿಲ್ಲ, ಬಂಡಿ ಕಟ್ಟಿಕೊಡಲಿಲ್ಲ. ಗೋಡೆಯಲ್ಲಿ ಬಿರುಕು ಕಂಡಿತು, ನಡೆದು ಬಂದರು. ಮನೆ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು, ಮನೆಯ ಕಡೆ ಒಬ್ಬ ರಾಜ ಕಾಯುತ್ತಿದ್ದ, ನೆಲ ಬಹುಪಾಲು ಖಾಲಿ ಬಿದ್ದಿತ್ತು. ದಾರಿ ಒಂದು ತೆರೆದರೆ ಸಾಕಿತ್ತು.

ದೊಡ್ಡವೀರರಾಜೇಂದ್ರನಿಗೂ ಜನ ಬೇಕಿತ್ತು. ಉಳುವವರಿಲ್ಲದ ನಾಡಿನಿಂದ ಕಂದಾಯ ಬರುವುದಿಲ್ಲ, ಕಾಯುವವರಿಲ್ಲದ ಗಡಿ ನಿಲ್ಲುವುದಿಲ್ಲ. ಅದೇ 1792ರಲ್ಲಿ ಅವನು ಕಟ್ಟಿದ ಊರು ವಿರಾಜಪೇಟೆ. ಅಲ್ಲಿಗೆ ಬಂದವರು ಕೊಡವರು ಮಾತ್ರ ಅಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಕರಾವಳಿಯ ಕೊಂಕಣಿ ಕ್ರೈಸ್ತರೂ ಬಂದು ಸೇರಿದರು. ಹಿಂದೂ ರಾಜ ಅವರಿಗೆ ನೆಲ ಕೊಟ್ಟ, ಇಗರ್ಜಿ ಕಟ್ಟಲು ಜಾಗ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಇವತ್ತಿಗೂ ತನ್ನ ಹುಟ್ಟನ್ನು 1792ರಿಂದಲೇ ಎಣಿಸುತ್ತದೆ. ಆ ಕ್ರೈಸ್ತರಿಗೆ ಊರಿಗೆ ಹೋಗುವ ದಾರಿ ಇನ್ನೂ ಮುಚ್ಚಿತ್ತು, ಮಂಗಳೂರು ಟಿಪ್ಪುವಿನ ಕೈಯಲ್ಲೇ ಇತ್ತು. ಹಾಗಾಗಿ ಅರ್ಧ ದಾರಿಯಲ್ಲಿ ಸಿಕ್ಕ ಆಸರೆಯೇ ಅವರಿಗೆ ಊರಾಯಿತು.

ಕೊಡಗಿನ ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಮುಗಿಯುವುದಿಲ್ಲ. ಬಂದವರಲ್ಲಿ ಮತಾಂತರವಾದವರೂ ಇದ್ದರು. ಅವರಿಗೆ ನಾಡು ಸಿಕ್ಕಿತು, ಜಮ್ಮಾ ನೆಲವೂ ಸಿಕ್ಕಿತು, ಆದರೆ ಒಕ್ಕದ ಐನ್‌ಮನೆಯ ಒಳಗೆ ಮೊದಲಿನ ಜಾಗ ಸಿಗಲಿಲ್ಲ. ಅವರು ಮುಸ್ಲಿಮರಾಗಿಯೇ ಉಳಿದರು, ಮಾಪಿಳ್ಳೆಗಳ ಜೊತೆ ಸಂಬಂಧ ಬೆಳೆಸಿದರು. ವಿರಾಜಪೇಟೆಯ ಸುತ್ತ ಇವರನ್ನು ಜಮ್ಮಾ ಮಾಪಿಳ್ಳೆ, ಕೊಡವ ಮಾಪಿಳ್ಳೆ ಅನ್ನುತ್ತಾರೆ. ಇವತ್ತಿಗೂ ಅನೇಕರ ಮನೆಹೆಸರು ಕೊಡವ ಒಕ್ಕದ ಹೆಸರಿನ ತರಹವೇ ಇರುತ್ತದೆ. ಮನೆಗೆ ಬಂದರು, ಆದರೆ ಜಗಲಿಯವರೆಗೆ. ದೊರೆ ದಾರಿ ಕೊಟ್ಟ, ನೆಲ ಕೊಟ್ಟ, ಒಳಗಿನ ಬಾಗಿಲು ತೆಗೆಯುವುದು ಮಾತ್ರ ಮನೆಯವರ ಕೈಯಲ್ಲಿತ್ತು.

* * *

ಮೂರನೆಯದು ಕೆನರಾದ ಕೊಂಕಣಿ ಕ್ರೈಸ್ತರದು. ಇದು ಎಲ್ಲಕ್ಕಿಂತ ಉದ್ದದ ಕಥೆ.

1784ರ ಆರಂಭದಲ್ಲಿ, ಅವರ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯುದ್ದಕ್ಕೂ ಅವರನ್ನು ಹಿಡಿದರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬುದು ಆರೋಪ. ಕೆಲವರು ಆ ತಪ್ಪು ಮಾಡಿರಲೂಬಹುದು, ಆದರೆ ಶಿಕ್ಷೆ ತೊಟ್ಟಿಲ ಕೂಸಿಗೂ ಆಯಿತು. ಆಸ್ತಿ ಮುಟ್ಟುಗೋಲು, ಇಗರ್ಜಿಗಳು ನೆಲಸಮ, ಜನ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ. ಬೆಳ್ತಂಗಡಿಯ ಗಡಾಯಿಕಲ್ಲಿನ ಬುಡದಲ್ಲಿ ಅವರನ್ನು ಕೂಡಿಹಾಕಿ ಹೊರಡಿಸಿದರು ಎನ್ನುವ ಮಾತು ಇದೆ. ಟಿಪ್ಪು ಆ ಬಂಡೆಯ ಮೇಲೆ ಕೋಟೆ ಕಟ್ಟಿ ಜಮಲಾಬಾದ್ ಎಂದು ಹೆಸರಿಟ್ಟದ್ದು ಆಮೇಲೆ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಉಳಿದವರು ಹದಿನೈದು ವರ್ಷ ಸೆರೆಯಲ್ಲಿ ಕಳೆದರು. ಹದಿನೈದು ವರ್ಷ ಅಂದರೆ, ಹೋಗುವಾಗ ಐದು ವರ್ಷದ ಹುಡುಗಿ ಬರುವಾಗ ಇಪ್ಪತ್ತರ ತಾಯಿ. ಅವಳಿಗೆ ಸಮುದ್ರ ನೆನಪಿರುತ್ತಾ?

ಒಂದು ಇಗರ್ಜಿ ಉಳಿದುಕೊಂಡಿತು, ಮೂಡುಬಿದಿರೆಯ ಹೊಸ್ಪೇಟೆಯದು. ಅಲ್ಲಿನ ಜೈನ ಅರಸ ಚೌಟನ ಕೋರಿಕೆಯಿಂದ ಅದನ್ನು ಮುಟ್ಟಲಿಲ್ಲವಂತೆ. ಜನರೇ ಇಲ್ಲದ ಇಗರ್ಜಿಯನ್ನು ಉಳಿಸಿ ಏನು ಪ್ರಯೋಜನ ಅಂತ ಆಗ ಯಾರಾದರೂ ಕೇಳಿರಬಹುದು. ಹದಿನೈದು ವರ್ಷದ ನಂತರ ಬಂದವರಿಗೆ ಪ್ರಯೋಜನ ಗೊತ್ತಾಯಿತು. ಎಲ್ಲವೂ ಅಳಿಸಿಹೋದ ಕಡೆ ಒಂದು ಗೋಡೆ ನಿಂತಿದ್ದರೆ, ಇಲ್ಲಿ ನಾವಿದ್ದೆವು ಅನ್ನುವುದಕ್ಕೆ ಅದೇ ಸಾಕ್ಷಿ. ನೆರೆಯವರು ಮಾಡಬಹುದಾದ ದೊಡ್ಡ ಉಪಕಾರ ಕೆಲವೊಮ್ಮೆ ಇಷ್ಟೇ: ಇಲ್ಲದವರ ಗುರುತನ್ನು ಅಳಿಸದೆ ಬಿಡುವುದು.

1799ರ ಮೇ 4. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಸೆರೆಯ ಬಾಗಿಲು ತೆರೆಯಿತು. ಕ್ರೈಸ್ತರಾಗಿ ಹೊರಬಂದವರು ಹದಿನೈದರಿಂದ ಇಪ್ಪತ್ತು ಸಾವಿರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಹಳಷ್ಟು ಜನ ಕರಾವಳಿಗೆ ಇಳಿದರು, ಕೆಲವರು ಮಲಬಾರಿಗೆ ಹೋದರು, ಕೆಲವರು ಕೊಡಗಿಗೆ. ಕೆಲವರು ಎಲ್ಲಿಗೂ ಹೋಗಲಿಲ್ಲ.

ಕರಾವಳಿಗೆ ಇಳಿದವರ ಮುಂದೆ ಮೊದಲು ಎದ್ದ ಪ್ರಶ್ನೆ ಗದ್ದೆಯದು. ಅವರ ಗದ್ದೆಯನ್ನು ಯಾರೋ ಉಳುತ್ತಿದ್ದರು, ಅವರ ತೆಂಗಿನಿಂದ ಯಾರೋ ಕಾಯಿ ಇಳಿಸುತ್ತಿದ್ದರು. ಆ 'ಯಾರೋ' ಕಳ್ಳರೇನಲ್ಲ. ಸರ್ಕಾರ ಕೊಟ್ಟದ್ದನ್ನು ತೆಗೆದುಕೊಂಡು ಹದಿನೈದು ವರ್ಷ ಕಂದಾಯ ಕಟ್ಟಿದವರು. ಈಗ ಯಾರದ್ದು ನ್ಯಾಯ?

ಆಗ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1799–1800, ಒಂದೂವರೆ ವರ್ಷವೂ ಇರಲಿಲ್ಲ. ಇಲ್ಲಿನ ಕೆಲಸ ಅವನಿಗೆ ಹಿಡಿಸಲಿಲ್ಲ, ವರ್ಗ ಕೇಳಿಕೊಂಡು ಹೋದ. ಆದರೆ ಇದ್ದಷ್ಟು ದಿನ ಊರೂರು ಸುತ್ತಿ ಅವನು ಹುಡುಕಿದ್ದು ಕಡತಗಳನ್ನು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರಲ್ಲ, ಆ ಕಪ್ಪು ಪುಸ್ತಕಗಳು. ಶಾನುಭೋಗರ ಮನೆಯ ಅಟ್ಟದಲ್ಲಿದ್ದ ಈ ಕಡತಗಳಲ್ಲಿ ಇಕ್ಕೇರಿ ಅರಸರ ಕಾಲದ, ಇನ್ನೂ ಹಿಂದಿನ ಕಾಲದ ಭೂಮಿಯ ಲೆಕ್ಕಗಳಿದ್ದವು. ಅವನ್ನು ನೋಡಿಯೇ ಮನ್ರೋ 1800ರಲ್ಲಿ ಮದರಾಸಿಗೆ ಬರೆದ: ಈ ಜಿಲ್ಲೆಯಲ್ಲಿ ಭೂಮಿ ಸರ್ಕಾರದ್ದಲ್ಲ, ತಲೆತಲಾಂತರದಿಂದ ರೈತರ ಖಾಸಗಿ ಸ್ವತ್ತು. ಹೈದರ್, ಟಿಪ್ಪು ಕಾಲದ ಕಂದಾಯದ ಹೊರೆ ಆ ಒಡೆಯರನ್ನು ಹಾಳುಮಾಡಿದೆ.

ಇದರಲ್ಲಿ ದಯೆಯೇ ಎಲ್ಲ ಅಂದುಕೊಳ್ಳಬೇಡಿ. ಕಂಪನಿಗೆ ಬೇಕಿದ್ದದ್ದು ಕಂದಾಯ. ಪಾಳು ಬಿದ್ದ ಗದ್ದೆಗೆ ಒಡೆಯ ಬೇಕಿತ್ತು. ಆದರೂ ಮರಳಿ ಬಂದವರಿಗೆ ಇದರಿಂದ ಅನುಕೂಲವಾಯಿತು. ನಮ್ಮ ಅಜ್ಜನ ಗದ್ದೆ ಅನ್ನುವ ಮಾತಿಗೆ ಸರ್ಕಾರಿ ಕಚೇರಿಯಲ್ಲಿ ಬೆಲೆ ಬಂತು. ಎಲ್ಲರಿಗೂ ಎಲ್ಲವೂ ಸಿಗಲಿಲ್ಲ. ತಮ್ಮದೇ ಹಳೆಯ ನೆಲವನ್ನು ಮತ್ತೆ ಕೊಂಡವರು, ಇನ್ನೊಬ್ಬರಲ್ಲಿ ಗೇಣಿಗೆ ನಿಂತವರು ಎಷ್ಟೋ. ಮಂಗಳೂರಿನ ರೊಸಾರಿಯೊ ಇಗರ್ಜಿಗೆ 1799ರ ಡಿಸೆಂಬರಿನಲ್ಲಿ ಗೋವಾದ ಪಾದ್ರಿ ಮೆಂಡಿಸ್ ವಿಗಾರರಾಗಿ ಬಂದು, ಚದುರಿದ ಜನರನ್ನು ಕೂಡಿಸುವ ಕೆಲಸಕ್ಕೆ ನಿಂತರು. ಆ ಇಗರ್ಜಿ ಮತ್ತೆ ಎದ್ದದ್ದು 1813ರಲ್ಲಿ. ಅಂದರೆ ಬಾಗಿಲು ತೆರೆದ ಮೇಲೂ ಹದಿನಾಲ್ಕು ವರ್ಷ. ಸೆರೆಯಲ್ಲಿ ಕಳೆದಷ್ಟೇ ವರ್ಷ ಮರಳಿ ನಿಲ್ಲಲೂ ಬೇಕಾಯಿತು.

ಎಲ್ಲಿಗೂ ಹೋಗದವರ ಮಾತು ಹೇಳಿದೆನಲ್ಲ, ಅವರದ್ದೇ ಇನ್ನೊಂದು ಕಥೆ. ಶ್ರೀರಂಗಪಟ್ಟಣದಲ್ಲಿ ಉಳಿದವರಲ್ಲಿ ಬಲವಂತದಿಂದ ಮತಾಂತರವಾದವರು ಬಹಳ ಜನ. ಅವರ ನಡುವೆ ಕೆಲಸ ಮಾಡಲು ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ, ನಮ್ಮ ಆಚಾರ ವಿಚಾರಗಳ ಬಗ್ಗೆ ದಪ್ಪ ಪುಸ್ತಕ ಬರೆದನಲ್ಲ, ಅವನೇ. ಸುಮಾರು 1,800 ಜನ ಅವನ ಮೂಲಕ ಹಳೆಯ ಮತಕ್ಕೆ ಮರಳಿದರು ಎನ್ನುತ್ತಾರೆ. ಮತಕ್ಕೆ ಮರಳಿದರು ಸರಿ, ಊಟಕ್ಕೆ? ದುಬೋಯಿ ಬೇಸಾಯದ ಹಳ್ಳಿಗಳನ್ನು ಕಟ್ಟಿದ. ಅದರಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರದ ಸಾತಹಳ್ಳಿ. 1823ರಲ್ಲಿ ಅವನು ದೇಶ ಬಿಟ್ಟು ಹೋದ. ಹಳ್ಳಿ ಉಳಿಯಿತು. ನೆಲ ಕಳೆದುಕೊಂಡವರಿಗೆ ಮಂತ್ರ ಮಾತ್ರ ಸಾಲದು, ನೇಗಿಲೂ ಬೇಕು ಅನ್ನುವುದು ಆ ಪಾದ್ರಿಗೆ ಗೊತ್ತಿತ್ತು.

* * *

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಜನರನ್ನು ಕಿತ್ತು ಒಯ್ಯಲು ಒಂದು ಆಜ್ಞೆ ಸಾಕು. ಒಂದು ಸಹಿ, ಒಂದು ತುಕಡಿ, ಒಂದು ದಿನ. ವಾಪಸ್ಸು ಬರಲು ಮಾತ್ರ ನಾಲ್ಕು ಬೇಕು. ದಾರಿ ತೆರೆದಿರಬೇಕು. ನೆಲ ಮತ್ತು ಅದರ ಕಾಗದ ಬೇಕು. ಮೊದಲ ಬೆಳೆ ಬರುವವರೆಗೆ ಅನ್ನ ಬೇಕು. ನೆರೆಯವರು, ನೆಂಟರು ಒಳಗೆ ಕರೆಯಬೇಕು. ಶೃಂಗೇರಿಗೆ ನಾಲ್ಕೂ ಸಿಕ್ಕವು. ಕೊಡವರಿಗೆ ಮೊದಲ ಎರಡು ಸುಲಭವಾಗಿ ಸಿಕ್ಕವು, ಆದರೆ ಕೆಲವರಿಗೆ ನಾಲ್ಕನೆಯದು ಸಿಗಲಿಲ್ಲ. ಕೊಂಕಣಿಗಳಿಗೆ ದಾರಿಯೇ ಹದಿನೈದು ವರ್ಷ ತಡವಾಯಿತು, ನೆಲ ಅರ್ಧಂಬರ್ಧ ಸಿಕ್ಕಿತು. ಯಾವುದು ತಪ್ಪಿತೋ ಅದರ ಗುರುತು ಇನ್ನೂರು ವರ್ಷದ ಮೇಲೂ ಉಳಿದಿದೆ. ಒಂದು ಸಮುದಾಯದ ಹೆಸರಿನಲ್ಲಿ, ಒಂದು ಊರಿನ ಚರ್ಚಿನಲ್ಲಿ, ಹಾಸನದ ಬಯಲಿನ ಒಂದು ಹಳ್ಳಿಯಲ್ಲಿ.

ಇದು ನಮ್ಮ ಕಾಲಕ್ಕೂ ಸುಳ್ಳಲ್ಲ. ಬೋಸ್ನಿಯಾದಲ್ಲಿ ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದದ ಏಳನೇ ಅನುಬಂಧ, ಓಡಿಹೋದ ಪ್ರತಿಯೊಬ್ಬರಿಗೂ ತಮ್ಮ ಮನೆಗೇ ಮರಳುವ ಹಕ್ಕು ಇದೆ ಎಂದು ಬರೆಯಿತು. ಮನೆಯ ಕಾಗದಗಳನ್ನು ವಾಪಸ್ಸು ಕೊಡಿಸುವ ಕೆಲಸ ಬಹುಪಾಲು ನಡೆಯಿತು ಕೂಡ. ಆದರೆ ಕೀಲಿಕೈ ಸಿಕ್ಕ ಎಷ್ಟೋ ಜನ ಆ ಮನೆಯನ್ನು ಮಾರಿ, ತಮ್ಮವರು ಹೆಚ್ಚಿರುವ ಊರಿಗೆ ಹೋದರು. ಕಾಗದ ಇತ್ತು, ನೆರೆ ಇರಲಿಲ್ಲ. ಕೊಡಗಿನ ಜಗಲಿಯ ಕಥೆಯೇ ಅಲ್ಲವೇ ಇದು, ಬೇರೆ ಭಾಷೆಯಲ್ಲಿ?

ಇನ್ನೊಂದು ಮಾತು. ಈ ಮೂರು ಕಥೆಗಳಲ್ಲಿ ಸಹಾಯ ಮಾಡಿದವರ ಪಟ್ಟಿ ನೋಡಿ: ಒಬ್ಬ ಮುಸ್ಲಿಂ ಸುಲ್ತಾನ, ಒಬ್ಬ ಲಿಂಗಾಯತ ರಾಜ, ಒಬ್ಬ ಜೈನ ಅರಸ, ಒಬ್ಬ ಸ್ಕಾಟ್ಲೆಂಡಿನ ಕಲೆಕ್ಟರ್, ಒಬ್ಬ ಫ್ರೆಂಚ್ ಪಾದ್ರಿ, ಒಬ್ಬ ಗೋವೆಯ ಪಾದ್ರಿ. ಇವರಲ್ಲಿ ಕೆಲವರಿಗೆ ಸ್ವಾರ್ಥ ಚೆನ್ನಾಗಿಯೇ ಇತ್ತು. ಒಬ್ಬನಂತೂ ಒಂದು ಕೈಯಲ್ಲಿ ಕಿತ್ತವನು, ಇನ್ನೊಂದು ಕೈಯಲ್ಲಿ ನೆಟ್ಟವನು. ಒಂದು ಕೈಯನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದೇ ನಮ್ಮ ನವೆಂಬರ್ ಜಗಳ. ಕಿತ್ತದ್ದನ್ನು ನೆಟ್ಟದ್ದು ತೊಳೆಯುವುದಿಲ್ಲ, ನೆಟ್ಟದ್ದನ್ನು ಕಿತ್ತದ್ದು ಅಳಿಸುವುದೂ ಇಲ್ಲ. ಎರಡನ್ನೂ ಬರೆದಿಡಬೇಕು, ಅಷ್ಟೇ.

ಆ ಮೇಲೇನಾಯಿತು ಅಂದರೆ, ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಬೆಟ್ಟಗಳಲ್ಲಿ ಕಾಫಿ ತೋಟಗಳು ಎದ್ದವು. ಕರಾವಳಿಯಿಂದ ಜನ ಮತ್ತೆ ಘಟ್ಟ ಹತ್ತಿದರು, ಈ ಸಲ ಕೆಲಸಕ್ಕೆ, ಆಮೇಲೆ ತೋಟ ಮಾಡಲು. ಅವರಲ್ಲಿ ಕೊಂಕಣಿ ಕ್ರೈಸ್ತರೂ ಇದ್ದರು. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳನ್ನು ಸೇರಿಸಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಸಾತಹಳ್ಳಿಯೂ ಅದರೊಳಗೇ ಬರುತ್ತದೆ. ಹಗ್ಗ ಕಟ್ಟಿಸಿಕೊಂಡು ಘಟ್ಟ ಹತ್ತಿದವರ ಮರಿಮಕ್ಕಳು ತಮ್ಮ ಕಾಲ ಮೇಲೆ ಅದೇ ಘಟ್ಟ ಹತ್ತಿ ಬಂದು ಇಲ್ಲಿ ಮನೆ ಕಟ್ಟಿದ್ದಾರೆ. ಅವರಿಗೆ ಇದು ಪರವೂರಲ್ಲ. ನಮ್ಮ ಊರಿನ ಹೆಸರಲ್ಲೇ 'ಹೊರ' ಇದೆ, ಆದರೆ ಅನ್ನಪೂರ್ಣೇಶ್ವರಿಯ ಊಟದ ಪಂಕ್ತಿಯಲ್ಲಿ ಯಾರನ್ನೂ ಹೊರಗಿನವರು ಅನ್ನುವ ಪದ್ಧತಿ ಇಲ್ಲ.

ಕೊನೆಗೆ ಬರೆಯುವ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲೂ, ನಮ್ಮ ಹಿರಿಯರು ಇಲ್ಲಿಯವರಲ್ಲ, ಯಾವುದೋ ಗಲಾಟೆಯಲ್ಲಿ ಊರು ಬಿಟ್ಟು ಬಂದವರು ಅನ್ನುವ ಮಾತು ಇದ್ದೇ ಇರುತ್ತೆ. ಓಡಿಸಿದವರು ಯಾರು ಅಂತ ಎಲ್ಲರೂ ಕೇಳಿರುತ್ತೀರಿ. ಈ ಸಲ ಊರಿಗೆ ಹೋದಾಗ ಇನ್ನೊಂದು ಪ್ರಶ್ನೆ ಕೇಳಿ: ಮೊದಲ ವರ್ಷದ ಬೀಜದ ಭತ್ತ ಯಾರು ಕೊಟ್ಟರು? ಉತ್ತರ ಗೊತ್ತಿರುವ ಹಿರಿಯರು ಇನ್ನೂ ಇದ್ದರೆ, ದಯವಿಟ್ಟು ಬರೆದಿಡಿ. ಕಡತ ಇದ್ದವರಿಗೆ ಮಾತ್ರ ಗದ್ದೆ ವಾಪಸ್ಸು ಸಿಕ್ಕಿದ್ದು.